ಹತ್ತೊಂಬತ್ತನೇ ಮನೆ

ಆಗಸ್ಟ್ 24, ಭಾನುವಾರ

ಇವತ್ತು ಅತ್ತೆ ಕತೆ ಹೇಳಿದರು. ನಾನು ಹೂಂ ಅನ್ನಲಿಲ್ಲ.

ಬರೆದರೆ ಎದೆ ಹಗುರಾದೀತು ಅಂತ ಈ ನೋಟ್‌ಬುಕ್ ತೆಗೆದೆ. ಯಾವ ಸೀರೆಗೆ ಯಾವ ಬಣ್ಣದ ಕುಚ್ಚು ಎಂದು ಗುರುತು ಹಾಕಿಕೊಳ್ಳುವ ಪುಸ್ತಕ ಇದು. ಹಿಂದಿನಿಂದ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು, ಅದೂ ಅರ್ಧ ವರ್ಷ. ತಪ್ಪು ಬರೆದರೆ ನೋಡುವವರು ಯಾರೂ ಇಲ್ಲ.

ನಮ್ಮ ಮನೆಯಲ್ಲಿ ಒಂದು ಕತೆ ಇದೆ. ಹಿರಿಯರ ಹಬ್ಬದ ಅಮಾವಾಸ್ಯೆಗೆ ಎಡೆ ಇಟ್ಟ ಮೇಲೆ ಅತ್ತೆ ಅದನ್ನು ಹೇಳುತ್ತಾರೆ, ನಾನು ಎದುರಿಗೆ ಕೂತು ಹೂಂ ಅನ್ನುತ್ತೇನೆ. ಮದುವೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷ, ಒಂದು ವರ್ಷವೂ ತಪ್ಪಿಲ್ಲ. ಒಂದು ಸಲ ಡೆಂಗಿ ಜ್ವರ ಬಂದು ಎದ್ದು ಕೂರಲು ಆಗದಿದ್ದಾಗ ಚಾಪೆಯ ಮೇಲೆ ಮಲಗಿಕೊಂಡೇ ಹೂಂ ಅಂದಿದ್ದೆ.

ಕತೆ ಅತ್ತೆಯ ಅಜ್ಜಿಯದು. ಗೆಡ್ಡೆ ರೋಗ, ಅಂದರೆ ಪ್ಲೇಗು, ಮೈಸೂರಿಗೆ ಬಂದಾಗ ಆ ಅಜ್ಜಿಗೆ ಎಂಟು ವರ್ಷ. ಲಷ್ಕರ್ ಮೊಹಲ್ಲಾದ ಹಿಂದೆ ನಮ್ಮವರ ಕೇರಿ, ಇಪ್ಪತ್ತೇಳು ಮನೆ. ಆಕೆಯ ತಾಯಿಗೆ ರೋಗ ಹಿಡಿಯಿತು. ಸರ್ಕಾರದವರು ಕಂಡರೆ ಎತ್ತಿಕೊಂಡು ಹೋಗುತ್ತಾರೆ ಎಂದು ಅಪ್ಪ ತಾಯಿ ಮಗಳಿಬ್ಬರನ್ನೂ ಒಳಗೆ ಬಿಟ್ಟು, ಮನೆ ಖಾಲಿ ಇದೆ ಅನ್ನಿಸಲಿ ಎಂದು ಹೊರಗಿನಿಂದ ಚಿಲಕ ಹಾಕಿ ಔಷಧಿಗೆ ಹೋದ. ತಿರುಗಿ ಬರಲಿಲ್ಲ. ಎರಡನೇ ದಿನ ತಾಯಿ ಸತ್ತಳು. ಸಾಯುವ ಮುಂಚೆ ಮಗಳಿಗೆ ಹೇಳಿದ್ದು ಒಂದೇ ಮಾತು. ನಿದ್ದೆ ಮಾಡಬೇಡ, ಮಾತಾಡುತ್ತಾ ಇರು.

ಎಂಟು ವರ್ಷದ ಮಗು ಒಬ್ಬಳೇ ಏನು ಮಾತಾಡುತ್ತಾಳೆ? ಕೇರಿಯ ಮನೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಹೇಳಿದಳು. ಗೋಡೆಯ ಆಚೆಯಿಂದ ಯಾರೋ ಹೂಂ ಅಂದರು. ಒಂದು ಮನೆಗೆ ಒಂದು ಹೂಂ. ಒಂಬತ್ತು ದಿನ ಹೀಗೆ. ಸೂಲಗಿತ್ತಿ ದೇವಮ್ಮ ಬಂದು ಬಾಗಿಲು ಒಡೆದಾಗ ಮಗು ಬದುಕಿತ್ತು. ಗೋಡೆಯ ಆಚೆಯದು ಹತ್ತೊಂಬತ್ತನೇ ಮನೆ. ಅಲ್ಲಿ ಉಳಿದಿದ್ದವಳು ಒಬ್ಬಳೇ ಹುಡುಗಿ, ಇವಳ ಓರಿಗೆಯವಳು. ನಮ್ಮ ಮನೆಗೆ ಚಿಲಕ ಬೀಳುವ ಹಿಂದಿನ ದಿನವೇ ಅವಳ ಹೆಣವನ್ನೂ ಹೊತ್ತುಕೊಂಡು ಹೋಗಿದ್ದರು.

ಕೇರಿಯಲ್ಲಿ ಉಳಿದವರು ಬೆರಳೆಣಿಕೆ. ಆ ಇಪ್ಪತ್ತೇಳು ಹೆಸರು ಇರುವುದು ಅತ್ತೆಯ ಬಾಯಲ್ಲಿ ಮಾತ್ರ. ಅತ್ತೆ ಕತೆಯನ್ನು ತನ್ನದೇ ಅನ್ನುವಂತೆ ಹೇಳುತ್ತಾರೆ. ಅವರ ಅವ್ವನೂ ಹಾಗೇ ಹೇಳುತ್ತಿದ್ದರಂತೆ.

ಇವತ್ತು ಸಂಘಮಿತ್ರ ಬಂದಿದ್ದಳು. ನಜರ್‌ಬಾದಿನ ನಮ್ಮ ಭಾವನ ಮಗಳು, ಎಂ.ಎ. ಓದುತ್ತಿದ್ದಾಳೆ. ಕಾಲೇಜಿನಲ್ಲಿ ಹಳಬರ ಬಾಯಿಂದ ಕೇಳಿದ ಚರಿತ್ರೆಯ ಕಾರ್ಯಕ್ರಮವಂತೆ, ಮುಂದಿನ ತಿಂಗಳು ಇಪ್ಪತ್ತಾರಕ್ಕೆ. ಅಜ್ಜಿಯ ಕತೆಯನ್ನು ದೊಡ್ಡ ಹಾಲ್‌ನಲ್ಲಿ ಕೇಳಿಸಬೇಕಂತೆ.

"ಅರಮನೆ ಚರಿತ್ರೆ ಎಲ್ರೂ ಬರ್ದವ್ರೆ ಚಿಕ್ಕಮ್ಮ. ನಮ್ ಕೇರೀದು ಯಾರ್ ಬರ್ದವ್ರೆ ಹೇಳಿ?"

ಅದು ಸರಿಯೇ. ಆಮೇಲೆ ಸಣ್ಣ ಮೈಕನ್ನು ಅತ್ತೆಯ ಸೆರಗಿಗೆ ಸಿಕ್ಕಿಸಿ ನನ್ನ ಕಡೆ ತಿರುಗಿದಳು. "ನೀವು ಮಧ್ಯ ಹೂಂ ಅನ್ಬೇಡಿ, ಪ್ಲೀಸ್. ಇದು ಎಲ್ಲಾ ಎಳ್ಕೊಬುಡುತ್ತೆ. ಅಜ್ಜಿ ದನಿ ಮಾತ್ರ ಬೇಕು ನಂಗೆ."

"ಹೂಂ ಅನ್ನದಿದ್ರೆ ಅಜ್ಜಿಗೆ ಹೇಳಕ್ಕಾಗಲ್ಲ ಕಣಮ್ಮ."

"ತಲೆ ಆಡ್ಸಿ, ಸಾಕು."

ಅಭ್ಯಾಸ ಬಲದಿಂದ ಬಾಯಿ ತಾನಾಗಿ ಹೂಂ ಅಂದೀತು ಎಂದು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತೆ. ಅತ್ತೆ ಒಂದೊಂದು ಮನೆ ಹೇಳಿ ನಿಲ್ಲುವುದು, ನನ್ನ ಮುಖ ನೋಡುವುದು, ನಾನು ತಲೆ ಆಡಿಸುವುದು. ನಡುವೆ ಎಲ್ಲೋ ಮೆಟ್ಟಿಲು ತಪ್ಪಿದ ಹಾಗಾಯಿತು. ಎಲ್ಲಿ ಅಂತ ಗೊತ್ತಾಗಲಿಲ್ಲ. ಸಂಘಮಿತ್ರ "ಸೂಪರ್ ಅಜ್ಜಿ" ಅಂದಳು.

ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡಿ ಬಂದೆ. ಮಾಡಿದ್ದೆ.

ಆಗಸ್ಟ್ 27, ಬುಧವಾರ

ಬೀದಿಯಲ್ಲಿ ಗಣೇಶನನ್ನು ತರುವವರ ತಮಟೆ. ಕುಚ್ಚು ಕಟ್ಟುತ್ತಾ ಕೂತಿದ್ದೆ. ಅತ್ತೆ ಎದ್ದು ಹೋಗಿ ನಡುಮನೆಯ ಗೋಡೆಗೆ ಅಂಗೈ ಇಟ್ಟು ನಿಂತರು. ಕರೆದರೂ ಬರಲಿಲ್ಲ.

"ಏನತ್ತೆ, ತಲೆ ಸುತ್ತುತ್ತಾ?"

"ಒಂದ್ ಮನೆ ಬುಟ್ಬುಟ್ಟೆ ಕಣವ್ವ."

"ಯಾವ ಮನೆ?"

"ನೀನು ಹೂಂ ಅನ್ನಲಿಲ್ಲ. ಎಂಗೆ ಹೋಗ್ಲಿ ಮುಂದಕ್ಕೆ? ಹೂಂ ಅಂದ್ರೆ ತಾನೆ ಆ ಮನೆ ಮುಗೀತು ಅಂತ ಕಾಲು ಎತ್ತೋದು."

ಈಗಲೇ ಕೂತು ಇನ್ನೊಂದು ಸಲ ಹೇಳಿ, ನಾನು ಹೂಂ ಅನ್ನುತ್ತೇನೆ ಅಂದೆ. ಅಮಾವಾಸ್ಯೆ ಬರಲಿ ಅಂದರು. ಆಮೇಲೆ ಗೋಡೆ ಸವರುತ್ತಾ ಹೇಳಿದರು. "ಬದುಕಿರೋರು ಹೂಂ ಅನ್ನದಿದ್ರೆ ಸತ್ತೋರೇ ಅನ್ನಬೇಕಾಯ್ತದೆ. ಪಾಪ, ಅವ್ರಿಗೂ ಸುಸ್ತಾಯ್ತದೆ ಕಣವ್ವ."

ಇದನ್ನು ಅವರು ನಗುತ್ತಾ ಹೇಳಿದರೋ ಏನೋ. ಮುಖ ಗೋಡೆಯ ಕಡೆ ಇತ್ತು.

ಆಗಸ್ಟ್ 30, ಶನಿವಾರ

ಅತ್ತೆಯ ಬಾಯಿ ಒಂದು ಕಡೆಗೆ ಎಳೆದಿದೆ. ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು, ಹೆಸರು ಕರೆದರೆ ನಾಲಗೆ ಹೊರಳಲಿಲ್ಲ. ಆಸ್ಪತ್ರೆಯಲ್ಲಿ ಸಣ್ಣ ಸ್ಟ್ರೋಕ್ ಅಂದರು. ಎಂಬತ್ತು ದಾಟಿದ ಜೀವ, ಮಾತು ಬಂದರೂ ಬರಬಹುದು, ಇಲ್ಲದೆಯೂ ಇರಬಹುದು, ಇನ್ನೊಂದು ಸಲ ಆದರೆ ಕಷ್ಟ ಎಂದು ಡಾಕ್ಟರಮ್ಮ ಹೇಳಿದರು.

ನಾನು ಹೂಂ ಅನ್ನದೇ ಇದ್ದದ್ದಕ್ಕೆ ಹೀಗಾಯಿತಾ ಎಂದು ಇವರನ್ನು ಕೇಳಿದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು ಇವರು, ಎಲ್ಲಕ್ಕೂ ನಗುತ್ತಾರೆ.

"ಲೇ ಪುಟ್ಟಿ, ಬಿ.ಪಿ. ಮಾತ್ರೆ ತಿನ್ನದೆ ದಿಂಬಿನ ಕೆಳಗೆ ಇಡ್ತಾ ಇದ್ಲು ನಮ್ಮವ್ವ. ನಿನ್ ಹೂಂ‌ಗೂ ಅದಕ್ಕೂ ಏನೇ ಸಂಬಂಧ?"

ದಿಂಬು ಎತ್ತಿ ನೋಡಿದೆ. ಹನ್ನೊಂದು ಮಾತ್ರೆ ಇತ್ತು. ಆದರೂ.

ಸೆಪ್ಟೆಂಬರ್ 2, ಮಂಗಳವಾರ

ಸಂಘಮಿತ್ರ ಅಜ್ಜಿಯನ್ನು ನೋಡಲು ಬಂದು ಬಹಳ ಅತ್ತಳು. ಮೂಗು ಒರೆಸಿಕೊಂಡು, ಅಡುಗೆಮನೆಗೆ ಬಂದು ಮೆಲ್ಲಗೆ ಅಂದಳು. "ಚಿಕ್ಕಮ್ಮ, ಬೇಜಾರ್ ಮಾಡ್ಕೋಬೇಡಿ. ಅವತ್ತು ಅಷ್ಟು ಹೇಳಿದ್ರೂ ಒಂದ್ಸಲ ಹೂಂ ಅಂದ್ಬುಟ್ಟಿದ್ದೀರ."

ನಾನು ಅಂದಿಲ್ಲ ಅಂದೆ. ಕೇಳಿ ಎಂದು ಇಯರ್‌ಫೋನ್ ಕೊಟ್ಟಳು.

ಅತ್ತೆಯ ದನಿ ಕಿವಿಯೊಳಗೇ ಕೂತು ಮಾತಾಡಿದ ಹಾಗಿತ್ತು. ಬಾವಿ ಕಡೆಯಿಂದ ಮೊದಲನೇ ಮನೆ ತಮಟೆ ಚಿಕ್ಕಯ್ಯನದು, ಮದುವೆ ಅಂದ್ರೂ ಅವನೇ ಸಾವು ಅಂದ್ರೂ ಅವನೇ. ಎರಡನೇ ಮನೆ ಕುಂಟ ಕರಿಯಯ್ಯನದು. ಎಮ್ಮೆ ಪುಟ್ಟಮ್ಮನ ಮನೆ, ಸೂಲಗಿತ್ತಿ ದೇವಮ್ಮನ ಮನೆ. ಹೀಗೆ ಹೋಗಿ, ಹದಿನೆಂಟು ನಮ್ಮನೆ ಅಂದು ನಿಂತರು. ಉಸಿರು ಎಳೆದುಕೊಂಡರು. ಯಾವ ಹೆಸರೂ ಹೇಳಲಿಲ್ಲ.

ಆ ಖಾಲಿ ಜಾಗದಲ್ಲಿ ಯಾರೋ ಹೂಂ ಅಂದರು.

ಆಮೇಲೆ ಅತ್ತೆ ಲಾಯದ ರಾಚಯ್ಯನ ಮನೆಗೆ ಹೋದರು, ಅದು ಇಪ್ಪತ್ತನೆಯದು.

ಅದು ನನ್ನ ದನಿಯಲ್ಲ. ನನ್ನ ಬಾಯಲ್ಲಿ ಸೆರಗು ಇತ್ತು. ದೊಡ್ಡವರ ದನಿಯೂ ಅಲ್ಲ. ತುಂಬಾ ಹೊತ್ತಿನಿಂದ ಎಚ್ಚರವಾಗಿರುವ ಮಕ್ಕಳು ಅನ್ನುವ ಹಾಗೆ, ಮೂಗಿನಲ್ಲಿ.

ಸಂಘಮಿತ್ರಳಿಗೆ ಏನೂ ಹೇಳಲಿಲ್ಲ. "ಒಂದೇ ತಾನೆ, ಎಡಿಟ್ ಮಾಡ್ತೀನಿ ಬುಡಿ" ಅಂದಳು.

ಸೆಪ್ಟೆಂಬರ್ 3

ಅತ್ತೆಯ ಮಂಚವನ್ನು ಗೋಡೆಯಿಂದ ನಾಲ್ಕು ಅಡಿ ಈಚೆಗೆ ಎಳೆಸಿದೆ. ಮಧ್ಯಾಹ್ನ ನೋಡಿದರೆ ಅವರ ಎಡಗೈ ಮಂಚದ ಹೊರಗೆ ಚಾಚಿಕೊಂಡಿತ್ತು. ಗೋಡೆಯ ಕಡೆಗೆ. ಆ ಕೈಗೆ ಸ್ವಾಧೀನ ಇಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು.

ಸೆಪ್ಟೆಂಬರ್ 5, ಶುಕ್ರವಾರ

ಬಿಟ್ಟು ಹೋದ ಮನೆ ಹತ್ತೊಂಬತ್ತನೆಯದು. ಮಿಕ್ಕ ಎಲ್ಲ ಮನೆಗೂ ಯಜಮಾನರ ಹೆಸರು, ಅದೊಂದಕ್ಕೆ ಮಾತ್ರ ಆ ಹುಡುಗಿಯ ಹೆಸರು. ವರ್ಷಕ್ಕೆ ಒಂದೇ ಸಲ ಬಾಯಿಗೆ ಬರುವುದು. ಕತೆಯಲ್ಲಿ ಬೇರೆ ಕಡೆಯೆಲ್ಲ ಅತ್ತೆ 'ಗೋಡೆ ಆಚೆಯೋಳು' ಅಂತಲೇ ಅನ್ನುತ್ತಿದ್ದರು. ಇಪ್ಪತ್ತನಾಲ್ಕು ಸಲ ಆ ಹೆಸರು ಕೇಳಿ ಇಪ್ಪತ್ತನಾಲ್ಕು ಸಲ ಹೂಂ ಅಂದಿದ್ದೇನೆ. ಈಗ ನೆನಪಿಲ್ಲ. ನಾಲಗೆಯ ತುದಿಯಲ್ಲಿದೆ ಅಂತಾರಲ್ಲ, ಹಾಗೂ ಇಲ್ಲ. ಬಾಯಲ್ಲಿ ಹಲ್ಲು ಬಿದ್ದ ಜಾಗ ಇರುತ್ತದಲ್ಲ, ಹಾಗಿದೆ.

ಇವರನ್ನು ಕೇಳಿದೆ. "ನಂಗೇನ್ ಗೊತ್ತು? ಆ ಕತೆ ಶುರುವಾದ್ರೆ ನಂಗೆ ವಡೆ ಮೇಲೆ ಕಣ್ಣು." ಭಾವನಿಗೆ ಫೋನ್ ಮಾಡಿದೆ. ಅವರು ಬೌದ್ಧ ದೀಕ್ಷೆ ತಗೊಂಡ ಮೇಲೆ ಎಡೆಗೆ ಬರುವುದನ್ನು ಬಿಟ್ಟಿದ್ದಾರೆ. ದೆವ್ವ ಗಿವ್ವ ಅಂತ ತಲೆ ಕೆಡಿಸಿಕೊಳ್ಳಬೇಡಮ್ಮ ಅಂದರು. ಫೋನ್ ಇಡುವ ಮುಂಚೆ, "ಆದ್ರೆ ಹೆಸರು ಕಳೀಬಾರ್ದಾಗಿತ್ತು" ಅಂದರು.

ಕೊನೆಗೆ ಅತ್ತೆಯ ಪಕ್ಕ ಕೂತೆ. ನಾನು ಹೇಳ್ತಾ ಹೋಗ್ತೀನಿ ಅತ್ತೆ, ಸರಿಯಾಗಿದ್ದರೆ ಗೊತ್ತು ಮಾಡಿ ಅಂದೆ. ತಮಟೆ ಚಿಕ್ಕಯ್ಯ ಅಂದೆ. ಎಳೆದ ಬಾಯಿಂದ ಹೂಂ ಬಂತು! ಆಸ್ಪತ್ರೆಯಿಂದ ಬಂದ ಮೇಲೆ ಅವರು ಮಾಡಿದ ಮೊದಲ ಸದ್ದು. ಕುಂಟ ಕರಿಯಯ್ಯ. ಹೂಂ. ಇಪ್ಪತ್ತಾರು ಮನೆಗೂ ಹೂಂ ಬಂತು. ಒಂದೂ ತಪ್ಪಿರಲಿಲ್ಲ. ಇಷ್ಟೆಲ್ಲ ನನಗೆ ಗೊತ್ತಿತ್ತು ಅಂತ ನನಗೇ ಗೊತ್ತಿರಲಿಲ್ಲ.

ಬಿಟ್ಟಿದ್ದ ಹತ್ತೊಂಬತ್ತಕ್ಕೆ ತಿರುಗಿ ಬಂದು ತಡವರಿಸಿದೆ. ಕೆಂಪಿ? ಸುಮ್ಮನಿದ್ದರು. ಚೌಡಿ? ಸಿದ್ದಿ? ಮಾದಿ? ಹಳೆಯ ಕಾಲದ ಹೆಸರು ಎಷ್ಟು ಗೊತ್ತೋ ಅಷ್ಟೂ ಹೇಳಿದೆ. ಒಂದಕ್ಕೂ ಹೂಂ ಬರಲಿಲ್ಲ. ಅತ್ತೆಯ ಕಣ್ಣಿನ ಒಂದು ಮೂಲೆಯಿಂದ ನೀರು ಇಳಿಯಿತು.

ಅಮಾವಾಸ್ಯೆ ಇಪ್ಪತ್ತೊಂದಕ್ಕೆ. ಅಷ್ಟರೊಳಗೆ ಆ ಹೆಸರು ಸಿಗದಿದ್ದರೆ ಅತ್ತೆಯ ಇನ್ನೊಂದು ಕಡೆಯೂ ಬಿದ್ದುಹೋಗುತ್ತದೆ. ಇದನ್ನು ಯಾರೂ ನನಗೆ ಹೇಳಿಲ್ಲ. ನನಗೆ ಗೊತ್ತು.

ಸೆಪ್ಟೆಂಬರ್ 7, ಭಾನುವಾರ

ಗ್ರಹಣ. ಅತ್ತೆ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಅತ್ತೆಯ ಹತ್ತಿರ ಪಕ್ಕದ ಮನೆ ಮಹದೇವಮ್ಮನನ್ನು ಕೂರಿಸಿ, ಕುಚ್ಚು ಕಟ್ಟಿದ ಸೀರೆಗಳನ್ನು ಅಂಗಡಿಗೆ ಕೊಡಲು ಲಷ್ಕರ್ ಮೊಹಲ್ಲಾಕ್ಕೆ ಹೋಗಿದ್ದೆ. ಕೊಟ್ಟು ಸುಮ್ಮನೆ ಬರಬೇಕಿತ್ತು. ಕಾಲು ಹಿಂದಿನ ಗಲ್ಲಿಗೆ ತಿರುಗಿತು. ಕೇರಿ ಇದ್ದ ಜಾಗ ಎಂದು ಅತ್ತೆ ಯಾವಾಗಲೋ ಆಟೋದಲ್ಲಿ ಕೂತು ಕೈ ತೋರಿಸಿದ್ದರು, ಅಷ್ಟೆ. ಇಳಿದು ನಡೆದದ್ದು ಇದೇ ಮೊದಲು.

ಬಾವಿ ಇದ್ದ ಜಾಗದಲ್ಲಿ ಈಗ ಟ್ರಾನ್ಸ್‌ಫಾರ್ಮರ್ ಇದೆ. ಅದು ಬಾವಿಯ ಜಾಗ ಅಂತ ಯಾರನ್ನೂ ಕೇಳಲಿಲ್ಲ. ಅಲ್ಲಿಂದ ಹೆಜ್ಜೆ ಎಣಿಸಿದೆ. ಚಿಕ್ಕಯ್ಯನ ಮನೆ, ಕರಿಯಯ್ಯನ ಮನೆ. ಸ್ಟೀಲ್ ಪಾತ್ರೆ, ಮೊಬೈಲ್ ಕವರ್, ರಗ್ಗು, ಪ್ಲಾಸ್ಟಿಕ್ ಬಕೆಟ್ಟು. ಗದ್ದಲವೋ ಗದ್ದಲ. ಹದಿನೆಂಟಕ್ಕೆ ಬಂದಾಗ ಸದ್ದೆಲ್ಲ ಒಂದು ಸಲ ತಗ್ಗಿದ ಹಾಗಾಯಿತು, ನೀರಿನಲ್ಲಿ ಮುಳುಗಿದಾಗ ಆಗುತ್ತದಲ್ಲ ಹಾಗೆ. ಅದೊಂದು ಹಾಸಿಗೆ ದಿಂಬಿನ ಅಂಗಡಿ. ಒಳಗೆ ಹೋಗಿ ಬಲಗಡೆ ಗೋಡೆಗೆ ಕಿವಿ ಇಟ್ಟೆ.

"ಏನ್ ಬೇಕಿತ್ತಮ್ಮ?" ಅಂಗಡಿಯ ಯಜಮಾನರು, ವಯಸ್ಸಾದವರು, ಗಾಬರಿಯಾಗಿದ್ದರು.

"ನಮ್ಮನೆ ಇಲ್ಲಿತ್ತು."

"ಎಲ್ಲಿ, ಈ ಬಿಲ್ಡಿಂಗಲ್ಲಾ? ನಮ್ಮ ತಾತನ ಕಾಲದಿಂದ್ಲೂ ನಮ್ದೇ ಇದು. ಯಾವಾಗಿತ್ತು?"

"ಗೆಡ್ಡೆ ರೋಗದ ವರ್ಷ."

ಅವರು ಕನ್ನಡಕ ತೆಗೆದು ನೋಡಿದರು. "ಹಂಗಾದ್ರೆ ನಿಮಗೆ ನೂರಿಪ್ಪತ್ತು ವರ್ಷ ಆಯ್ತಲ್ಲ ತಾಯಿ! ನನ್ ಮೊಮ್ಮಗಳಿಗಿಂತ ಚೆನ್ನಾಗಿದ್ದೀರ, ಯಾವ ಎಣ್ಣೆ ಹಚ್ತೀರ?"

ಕೆಲಸದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅವರೇ ಸ್ಟೂಲು ಎಳೆದು ಕೂರಿಸಿ ನೀರು ಕೊಟ್ಟರು. ಆ ಗೋಡೆ ಮಾತ್ರ ಹಳೇದು ಕಣಮ್ಮ, ಮಣ್ಣಿಂದು, ಎಷ್ಟು ಸಿಮೆಂಟ್ ಮೆತ್ತಿದರೂ ತಂಪು ಬಿಡ್ತಾ ಇರ್ತದೆ ಅಂದರು.

ನಮ್ಮ ಅಜ್ಜಿಯ ಮನೆ ಅನ್ನಬೇಕಿತ್ತು. ಅವಸರದಲ್ಲಿ ಹಾಗೆ ಬಂತು.

ಗೋಡೆಯಲ್ಲಿ ಏನೂ ಕೇಳಲಿಲ್ಲ. ಆಚೆ ಕಡೆ ಯಾರೋ ಕಿವಿ ಇಟ್ಟುಕೊಂಡಿದ್ದರೆ ಹೇಗೆ ಸುಮ್ಮನಿರುತ್ತದೋ ಹಾಗೆ ಸುಮ್ಮನಿತ್ತು.

ಸೆಪ್ಟೆಂಬರ್ 14, ಭಾನುವಾರ

ಮಹದೇವಮ್ಮ ಸೊಪ್ಪು ಸೋಸುತ್ತಾ ಬಾಗಿಲಲ್ಲಿ ಕೂತಿದ್ದಳು. "ನಿಮ್ಮತ್ತೆಗೆ ಮಾತು ಬಂದಿದ್ದು ಹೇಳ್ಲೇ ಇಲ್ಲ ನೋಡು ನೀನು. ಕಳ್ಳಿ."

"ಎಲ್ಲಿ ಬಂತು? ಹೂಂ ಅಂತಾರೆ ಅಷ್ಟೇ."

"ಹೋಗೇ! ಮೂರು ಗಂಟೆ ಹೊತ್ತಲ್ಲಿ ದಿನಾ ಕೇಳಿಸ್ಕೊತೀನಿ. ಒಂದೇ ಗೋಡೆ ತಾನೆ ನಮಗೂ ನಿಮಗೂ. ಚಿಕ್ಕಯ್ಯ, ಕರಿಯಯ್ಯ ಅಂತ ಒಳ್ಳೆ ಪಾಠ ಒಪ್ಪಿಸ್ದಂಗೆ. ನಿಮ್ಮತ್ತೆ ಮಂಚಮ್ಮನ ದನಿ ನಂಗೆ ಗೊತ್ತಾಗಲ್ವಾ? ಮೂವತ್ತು ವರ್ಷ ಬೈಸ್ಕೊಂಡಿದೀನಿ."

ಮೂರು ಗಂಟೆಗೆ ನಾನು ಕುಚ್ಚು ಕಟ್ಟುತ್ತಾ ಇರುತ್ತೇನೆ. ಮನೆಗಳನ್ನು ಹೇಳಿಕೊಳ್ಳುತ್ತೇನೆ, ನಿಜ. ಆದರೆ ಮನಸ್ಸಿನಲ್ಲಿ. ಬಾಯಿ ಬಿಟ್ಟು ಹೇಳುವುದಿಲ್ಲ.

ಸಿದ್ದಪ್ಪಾಜಿಗೆ ಹರಕೆ ಕಟ್ಟಿಕೋ ಅಂದಳು ಮಹದೇವಮ್ಮ. ಕಟ್ಟಿಕೊಂಡೆ. ಬುದ್ಧನ ಫೋಟೋಗೂ ಕೈ ಮುಗಿದೆ. ಯಾರ ಕಡೆಯಿಂದ ಬಂದರೂ ಸರಿ, ಹೆಸರು ಬಂದರೆ ಸಾಕು.

ಸೆಪ್ಟೆಂಬರ್ 18, ಗುರುವಾರ

ಸಂಘಮಿತ್ರಳ ಫೋನು. ಕಾರ್ಯಕ್ರಮದ ಕಾರ್ಡು ಅಚ್ಚಾಗಿದೆಯಂತೆ, ರೆಕಾರ್ಡು ರೆಡಿಯಾಗಿದೆಯಂತೆ. ಆ ಹೂಂ ಕತ್ತರಿಸಲು ಹೋದರೆ ಆಗುತ್ತಿಲ್ಲವಂತೆ. "ತೆಗೆದು ಸೇವ್ ಮಾಡ್ತೀನಿ, ತಿರುಗಿ ಹಾಕಿದ್ರೆ ಇರುತ್ತೆ ಚಿಕ್ಕಮ್ಮ. ಸಾಫ್ಟ್‌ವೇರ್ ಏನೋ ತೊಂದ್ರೆ. ಇರ್ಲಿ, ಹಂಗೇ ಕೇಳಿಸ್ತೀನಿ."

"ಕೇಳಿಸಬೇಡ."

"ಯಾಕೆ?"

"ಒಂದು ಮನೆ ಬಿಟ್ಟುಹೋಗಿದೆ. ನೂರಾರು ಜನರ ಎದುರಿಗೆ ಹೋಗಿ ಇದೇ ನಮ್ಮ ಕೇರಿ ಅಂದರೆ ಅವಳು ಎಲ್ಲಿಗೆ ಹೋಗ್ತಾಳೆ?"

"ಇಪ್ಪತ್ತಾರು ಇದೆಯಲ್ಲ ಚಿಕ್ಕಮ್ಮ. ಒಂದು ತಾನೆ?"

ನಾನು ಯಾರಿಗೂ ಜೋರು ಮಾಡಿದವಳಲ್ಲ. ಹಾಲಿನವನು ನೀರು ಬೆರೆಸಿದರೂ ಸುಮ್ಮನೆ ಕಾಯಿಸುತ್ತೇನೆ. ಇವತ್ತು ಏನಾಯಿತೋ. "ನಿನ್ನ ಗಂಟಲು ಒಣಗಿ ಎರಡು ದಿನ ಆಗಿ, ಪಕ್ಕದಲ್ಲಿ ಅವ್ವ ತಣ್ಣಗಾಗಿ ಮಲಗಿರುವಾಗ ಒಬ್ಬಳು ಹೂಂ ಅಂದಳು. ಅವಳನ್ನ ಒಂದು ತಾನೆ ಅಂತೀಯಾ?" ಅಂದುಬಿಟ್ಟೆ. ಅವಳು ಸಣ್ಣ ದನಿಯಲ್ಲಿ, "ಭಾನುವಾರ ಬರ್ತೀನಿ. ನಾನೇನು ಮಾಡ್ಬೇಕು ಹೇಳಿ" ಅಂದಳು.

ಕೂತು ಹೂಂ ಅನ್ನಬೇಕು, ಅಷ್ಟೇ ಅಂದೆ.

ನನಗೆ ಮಾತ್ರ ಹೆಸರು ಇನ್ನೂ ಸಿಕ್ಕಿಲ್ಲ.

ಸೆಪ್ಟೆಂಬರ್ 20, ಶನಿವಾರ

ಅತ್ತೆ ಅನ್ನ ನುಂಗುತ್ತಿಲ್ಲ. ಗಂಜಿಯೂ ಪಕ್ಕಕ್ಕೆ ಸೋರುತ್ತದೆ. ಇವರೂ ನಗುವುದನ್ನು ಬಿಟ್ಟಿದ್ದಾರೆ.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ

ಮಧ್ಯಾಹ್ನ ಒಂದೂವರೆಗೆ ಎಡೆ ಇಟ್ಟೆವು. ಇಪ್ಪತ್ತೇಳು ತುಂಡು ಬಾಳೆ ಎಲೆ, ಒಂದೊಂದಕ್ಕೂ ಚಿಟಿಕೆ ಅನ್ನ, ವಡೆಯ ಚೂರು, ಬಾಡಿನ ಸಾರು. ಇವರು ಧೂಪ ಹಾಕಿ ಬಾಗಿಲು ಮುಂದಕ್ಕೆ ಎಳೆದುಕೊಂಡು ಹೊರಗೆ ಕೂತರು. ಒಳಗೆ ನಾವು ಮೂವರು. ಅತ್ತೆ ಮಂಚದ ಮೇಲೆ. ಸಂಘಮಿತ್ರ ಚಾಪೆಯ ಮೇಲೆ, ನಾನು ಇಷ್ಟು ವರ್ಷ ಕೂರುತ್ತಿದ್ದ ಜಾಗದಲ್ಲಿ. ನಾನು ಅತ್ತೆಯ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು. ಬೇರೆ ಜಾಗ ಇರಲಿಲ್ಲ.

ಫೋನು ಇಡಲಾ ಅಂದಳು. ಇಡು ಅಂದೆ.

ಹೇಳಲು ಶುರು ಮಾಡಿದೆ. ನಾನು ಎಂಟು ವರ್ಷದವಳು ಅಂದೆ. ಹೂಂ ಅಂದಳು ಸಂಘಮಿತ್ರ, ಮೊದಮೊದಲು ನಾಚಿಕೆಯಿಂದ. ಇಲಿ ಸೂರಿನಿಂದ ಬಿತ್ತು. ಹೂಂ. ಅವ್ವನ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಎದ್ದಿತು. ಅಪ್ಪ ನನ್ನ ತಲೆ ಮುಟ್ಟಿ ಹೊರಗೆ ಹೋದ, ಚಿಲಕ ಬಿತ್ತು. ಹರವಿಯಲ್ಲಿ ನೀರಿತ್ತು, ಮಡಕೆಯ ತಳದಲ್ಲಿ ರಾಗಿ ಹಿಟ್ಟಿತ್ತು. ಹಿಟ್ಟಿನಲ್ಲಿ ಮರಳು. ಎಷ್ಟು ಉಗುಳಿದರೂ ಮರಳು. ಅವ್ವ ಮಾತಾಡುತ್ತಾ ಇರು ಅಂದಳು, ಆಮೇಲೆ ಅವಳು ಮಾತಾಡಲಿಲ್ಲ.

ಮನೆಗಳು ಬಂದವು. ಒಂದೊಂದಕ್ಕೂ ಎರಡು ಹೂಂ ಬರುತ್ತಿತ್ತು, ಚಾಪೆಯಿಂದ ಒಂದು, ಮಂಚದಿಂದ ಒಂದು. ಮಂಚದ್ದು ಬರಬರುತ್ತಾ ಕ್ಷೀಣವಾಗುತ್ತಿತ್ತು. ಹತ್ತು. ಹದಿನಾಲ್ಕು. ಹದಿನೆಂಟು, ನಮ್ಮ ಮನೆ. ಹೂಂ ಅಂದಳು ಸಂಘಮಿತ್ರ. ಮಂಚದಿಂದ ಬರಲಿಲ್ಲ.

ನಿಂತೆ. ಧೂಪದ ಹೊಗೆ ಮೇಲಕ್ಕೆ ಹೋಗದೆ ಎಲೆಗಳ ಮೇಲೇ ಮಲಗಿತ್ತು. ಬೆನ್ನಿಗೆ ಗೋಡೆ ತಣ್ಣಗೆ ತಾಗುತ್ತಿತ್ತು, ಹೊರಗೆ ಅಷ್ಟು ಬಿಸಿಲಿದ್ದರೂ. ಹೆಸರು ನೆನಪು ಮಾಡಿಕೊಳ್ಳಬೇಕು ಅಂತ ಹೊಳೆಯಲೇ ಇಲ್ಲ. ಬಾಯಾರಿಕೆಯಾಗಿತ್ತು. ಕತ್ತಲಿತ್ತು. ಅವ್ವನ ಕಡೆ ನೋಡಲು ಭಯವಾಗಿತ್ತು. ಆಟಕ್ಕೆ ಕರೆಯುತ್ತಿದ್ದೆನಲ್ಲ ದಿನಾ ಬೆಳಿಗ್ಗೆ, ಹಾಗೆ ಗೋಡೆಯ ಕಡೆ ತಿರುಗಿ ಅವಳನ್ನು ಹೆಸರು ಹಿಡಿದು ಕರೆದೆ.

ಮಂಚದಿಂದ ಹೂಂ ಬಂತು. ಜೋರಾಗಿ ಬಂತು, ಅಂಗಳದಲ್ಲಿದ್ದ ಇವರು ಬಾಗಿಲು ತಳ್ಳಿ ಇಣುಕುವಷ್ಟು. ಸಂಘಮಿತ್ರ ಹೂಂ ಅನ್ನಲು ಮರೆತು ನನ್ನ ಬೆನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದಳು. ಅವಳ ಮುಖ 'ಏನದು' ಅನ್ನುವ ಹಾಗಿತ್ತು. ಹೂಂ ಅನ್ನೇ ಮಗಳೇ ಅಂದೆ. ಅಂದಳು. ಇಪ್ಪತ್ತು, ಲಾಯದ ರಾಚಯ್ಯನ ಮನೆ.

ಇಪ್ಪತ್ತೇಳೂ ಮುಗಿಸಿದೆ. ದೇವಮ್ಮ ಬಾಗಿಲು ಒಡೆದಳು, ಬೆಳಕು ಬಂತು.

ಎದ್ದು ಅತ್ತೆಯ ಬಳಿ ಹೋದೆ. ಎರಡು ಕೈಯನ್ನೂ ಮೇಲೆ ಚಾಚಿದರು, ಮಕ್ಕಳು ಎತ್ತಿಕೋ ಅನ್ನುವ ಹಾಗೆ. ಎಡಗೈಯನ್ನೂ. ತಬ್ಬಿಕೊಂಡು ಕೂರಿಸಿ ಎಡೆಯ ಅನ್ನ ಕಲಸಿ ಕೊಟ್ಟೆ. ನುಂಗಿದರು.

ಸೆಪ್ಟೆಂಬರ್ 22, ಸೋಮವಾರ

ಸಂಘಮಿತ್ರ ರಾತ್ರಿ ಇಲ್ಲೇ ಉಳಿದಿದ್ದಳು. ಬೆಳಿಗ್ಗೆ ಅಜ್ಜಿಗೆ ಇಡ್ಲಿ ತಿನ್ನಿಸಿದಳು, ಒಂದೂವರೆ ಇಡ್ಲಿ. ಹಳೇ ರೆಕಾರ್ಡನ್ನು ಅಳಿಸಿ ಹಾಕಿದ್ದಾಳೆ. ಹಾಲ್‌ನಲ್ಲಿ ನಿನ್ನೆಯದನ್ನೂ ಕೇಳಿಸುವುದಿಲ್ಲವಂತೆ, ನನ್ನನ್ನೇ ಕೂರಿಸಿ ಹೇಳಿಸುತ್ತಾಳಂತೆ, ಬಂದವರೆಲ್ಲ ಹೂಂ ಅನ್ನಬೇಕಂತೆ. ಆಗಲಿ ಅಂದೆ. ಸೀರೆ ಯಾವುದು ಉಡುವುದು ಅಂತ ಕೇಳಿದೆ.

ಆ ಹೆಸರನ್ನು ಒಂದು ಕಡೆ ಬರೆದಿಡಿ ಚಿಕ್ಕಮ್ಮ, ಇನ್ನೊಂದು ಸಲ ಕಳೆದುಹೋದರೆ ಅಂದಳು. ಈ ಪುಸ್ತಕ ತೆಗೆದೆ, ಪೆನ್ನು ಹಿಡಿದೆ, ಬರೆಯಲಿಲ್ಲ. ಪುಸ್ತಕ ಹೂಂ ಅನ್ನುವುದಿಲ್ಲ. ಬೇಕಾದರೆ ಬಂದು ಕೂರು, ಹೇಳುತ್ತೇನೆ ಅಂದೆ. ಕೂತಳು. ಹೇಳಿದೆ. ಹೂಂ ಅಂದಳು.

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತಳು. ಏನೋ ಕೇಳಬೇಕು, ಕೇಳಲೋ ಬೇಡವೋ ಅನ್ನುವ ಹಾಗೆ.

"ಚಿಕ್ಕಮ್ಮ, ಹಿಟ್ಟಲ್ಲಿ ಮರಳಿತ್ತು ಅಂದ್ರಲ್ಲ ನಿನ್ನೆ. ಅಜ್ಜಿ ಹೇಳಿದ್ರಲ್ಲಿ ಅದಿಲ್ಲ, ನಾನು ಹತ್ತು ಸಲ ಕೇಳಿದೀನಿ. ನಿಮಗೆ ಯಾರು ಹೇಳಿದ್ದು?"

ಇಷ್ಟು ಓದಿದ ಹುಡುಗಿ, ಕೇಳುವ ಪ್ರಶ್ನೆ ನೋಡು. ಯಾರಾದರೂ ಹೇಳಬೇಕಾ ಅದನ್ನು? ಒಂಬತ್ತು ದಿನ ಹಲ್ಲಿನಲ್ಲಿ ಕರಕರ ಅಂದಿದೆ.